‘ಎಲ್ಲರೂ’ ಎಂಬ ಮಾತಿನ ಲೆಕ್ಕ

ಹೈಸ್ಕೂಲಿನ ಚರಿತ್ರೆಯಲ್ಲಿ ಮಕ್ಕಳಿಗೆ ಬೇಗನೆ ಬಾಯಿಪಾಠವಾಗುವುದು ಕ್ರಾಂತಿಗಳ ಪಾಠ. 1776ರಲ್ಲಿ ಅಮೇರಿಕಾ, 1789ರಲ್ಲಿ ಫ್ರಾನ್ಸ್. ಕಾರಣಗಳು ಐದು, ಪರಿಣಾಮಗಳು ಆರು. ಚಹಾದ ಪೆಟ್ಟಿಗೆಗಳು ಸಮುದ್ರದ ಪಾಲಾದವು, ಬಾಸ್ಟೀಲ್ ಸೆರೆಮನೆ ಜನರ ಕೈಸೇರಿತು, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಮಾತುಗಳು ಲೋಕಕ್ಕೆ ದೊರೆತವು. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕು. ಆದರೆ ತರಗತಿಯಲ್ಲಿ ಯಾರಾದರೂ ಎದ್ದು ನಿಂತು, ‘ಎಲ್ಲ ಮನುಷ್ಯರೂ ಸಮಾನರು ಎಂದು ಬರೆದರಲ್ಲ, ಆ ಎಲ್ಲರಲ್ಲಿ ಯಾರು ಯಾರು ಸೇರಿದ್ದರು?’ ಎಂದು ಕೇಳಿದರೆ ಪಾಠ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದಲೇ ಆರಂಭವಾಗುತ್ತದೆ.

ಸುತ್ತಲಿನ ಬಹುಸಂಖ್ಯಾತರ ಭಾಷೆ ಒಂದು, ನಮ್ಮ ಶಾಲೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲಿ ಬಾಳುವ ನಮಗೆ ಈ ಪ್ರಶ್ನೆ ಪರಕೀಯವಲ್ಲ. ಕಾನೂನು ಪುಸ್ತಕದಲ್ಲಿರುವ ‘ಎಲ್ಲರೂ’ ಎಂಬ ಮಾತಿನೊಳಗೆ ನಾವು ಇದ್ದೇವೆಯೇ ಎಂದು ಆಗಾಗ ನೋಡಿಕೊಳ್ಳಬೇಕಾದವರು ನಾವು. ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ 1775ರಿಂದ 1825ರವರೆಗೆ, ಸರಿಸುಮಾರು ಐವತ್ತು ವರ್ಷ ನಡೆದ ರಾಜಕೀಯ ಕ್ರಾಂತಿಗಳನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸತ್ಯ ಕಾಣುತ್ತದೆ. ಪ್ರತಿಯೊಂದು ಕ್ರಾಂತಿಯೂ ‘ಎಲ್ಲರಿಗೂ’ ಎಂದು ಬಾಗಿಲು ತೆರೆಯಿತು. ಒಳಹೊಕ್ಕವರು ತಮ್ಮ ಹಿಂದೆ ಬಾಗಿಲು ಮುಚ್ಚಲು ನೋಡಿದರು. ಹೊರಗೆ ಉಳಿದವರು ಅದೇ ಮಾತನ್ನು ಹಿಡಿದು ಬಾಗಿಲು ತಟ್ಟಿದರು. ತಟ್ಟಿದಷ್ಟೇ ಬಾಗಿಲು ತೆರೆಯಿತು. ಅದಕ್ಕಿಂತ ಹೆಚ್ಚು ತಾನಾಗಿ ತೆರೆದದ್ದು ಎಲ್ಲಿಯೂ ಇಲ್ಲ.

ಬರಿದಾದ ಬೊಕ್ಕಸಗಳು

ಈ ಕ್ರಾಂತಿಗಳಿಗೆಲ್ಲ ತತ್ವಜ್ಞಾನಿಗಳ ಗ್ರಂಥಗಳೇ ಮೂಲವೆಂದು ಹೇಳುವುದು ವಾಡಿಕೆ. ಲಾಕ್, ಮೊಂತೆಸ್ಕ್ಯೂ, ರೂಸೋ ಇವರ ಪ್ರಭಾವ ಸಣ್ಣದಲ್ಲ. ಆದರೆ ಬೆಂಕಿ ಹತ್ತಿದ್ದು ಸಾಲದ ಕಡತದಲ್ಲಿ. 1756ರಿಂದ 1763ರವರೆಗೆ ಇಂಗ್ಲೆಂಡೂ ಫ್ರಾನ್ಸೂ ಅಮೇರಿಕಾ, ಯುರೋಪು, ಆಫ್ರಿಕಾ, ಇಂಡಿಯಾಗಳಲ್ಲಿ ಒಂದೇ ಸಮನೆ ಕಾದಾಡಿದವು. ಇಂಗ್ಲೆಂಡು ಗೆದ್ದಿತು. ಆದರೆ ಯುದ್ಧಕ್ಕೆ ಮುಂಚೆ ಸುಮಾರು ಏಳೂವರೆ ಕೋಟಿ ಪೌಂಡಿನಷ್ಟಿದ್ದ ಅದರ ಸಾಲ ಯುದ್ಧ ಮುಗಿದಾಗ 13 ಕೋಟಿ ಪೌಂಡ್ ದಾಟಿತ್ತು. ಗೆದ್ದವನ ಮನೆಯಲ್ಲೂ ಸಾಲಗಾರರು ಕುಳಿತಿದ್ದರು.

ಈ ಹಣವನ್ನು ಎತ್ತಲು ಲಂಡನ್ನಿನ ಪಾರ್ಲಿಮೆಂಟು ಅಮೇರಿಕಾದ ಹದಿಮೂರು ವಸಾಹತುಗಳ ಕಡೆ ಕೈಚಾಚಿತು. 1765ರಲ್ಲಿ ಸ್ಟಾಂಪ್ ಕಾನೂನು ಬಂತು. ವಿರೋಧಕ್ಕೆ ಮಣಿದು ಮರುವರ್ಷ ಅದನ್ನು ಹಿಂತೆಗೆದುಕೊಂಡರು. 1767ರಲ್ಲಿ ಗಾಜು, ಕಾಗದ, ಬಣ್ಣ, ಸೀಸ, ಚಹಾಗಳ ಮೇಲೆ ಸುಂಕ ಬಂತು. ಇಲ್ಲಿ ಒಂದು ತಪ್ಪು ಕಲ್ಪನೆ ಬೇಡ. ಈ ತೆರಿಗೆ ತಾಳಲಾರದಷ್ಟು ಭಾರವಾಗಿರಲಿಲ್ಲ. ಇಂಗ್ಲೆಂಡಿನಲ್ಲೇ ಇದ್ದ ಜನ ಅವರಿಗಿಂತ ಹೆಚ್ಚು ಕೊಡುತ್ತಿದ್ದರು. ತಕರಾರು ಮೊತ್ತದ್ದಲ್ಲ, ಅಧಿಕಾರದ್ದು. ತಮ್ಮ ಪ್ರತಿನಿಧಿ ಒಬ್ಬನೂ ಇಲ್ಲದ ಸಭೆ ತಮ್ಮ ಕಿಸೆಗೆ ಕೈ ಹಾಕಬಹುದೇ ಎಂಬುದು ಪ್ರಶ್ನೆ. ಜೊತೆಗೆ, ಅಪಲಾಚಿಯನ್ ಪರ್ವತಗಳ ಪಶ್ಚಿಮಕ್ಕೆ ಹೋಗಿ ನೆಲೆಸಕೂಡದೆಂದು 1763ರಲ್ಲಿ ಹೊರಟ ರಾಜಾಜ್ಞೆಯೂ ಭೂಮಿಗಾಗಿ ಹಾತೊರೆಯುತ್ತಿದ್ದವರನ್ನು ಕೆರಳಿಸಿತ್ತು.

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾ ನೀರಿಗೆ ಬಿತ್ತು. ಆ ಚಹಾ ಯಾರದೆಂಬುದನ್ನು ನಮ್ಮ ಮಕ್ಕಳಿಗೆ ಒತ್ತಿ ಹೇಳಬೇಕು. ಅದು ಚೀನಾದಲ್ಲಿ ಬೆಳೆದ, ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿದ ಸರಕು. 1770ರ ಕ್ಷಾಮದಿಂದ ಬಂಗಾಳ ಹಾಳಾಗಿತ್ತು, ಕಂಪೆನಿ ದಿವಾಳಿಯ ಅಂಚಿಗೆ ಬಂದಿತ್ತು. ಅದನ್ನು ಎತ್ತಿಹಿಡಿಯಲೆಂದೇ ದಾಸ್ತಾನು ಬಿದ್ದ ಚಹಾವನ್ನು ಅಮೇರಿಕಾದಲ್ಲಿ ಅಗ್ಗಕ್ಕೆ ಮಾರುವ ಏರ್ಪಾಡು ನಡೆದಿತ್ತು. ಬಂಗಾಳದ ಹೊಲಗಳಲ್ಲಿ ಜನ ಸತ್ತ ಸುದ್ದಿಗೂ ಬಾಸ್ಟನ್ನಿನ ದಂಗೆಗೂ ನಡುವೆ ಹೀಗೊಂದು ಎಳೆ ಇದೆ.

1775ರ ಏಪ್ರಿಲಿನಲ್ಲಿ ಗುಂಡು ಹಾರಿತು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಹೊರಬಿತ್ತು. 1778ರಲ್ಲಿ ಫ್ರಾನ್ಸು ಅಮೇರಿಕಾದ ಪಕ್ಷ ವಹಿಸಿತು. ಅಲ್ಲಿಂದ ಆ ಯುದ್ಧ ನಮ್ಮ ಕರಾವಳಿಗೂ ಬಂತು. ಮಾಹೆ ಆಗ ಫ್ರೆಂಚರ ಠಾಣೆ; ಹೈದರಾಲಿಗೆ ಮದ್ದುಗುಂಡು ಬಂದಿಳಿಯುತ್ತಿದ್ದ ಬಾಗಿಲು. ಫ್ರಾನ್ಸಿನ ಮೇಲೆ ಯುದ್ಧವಾಯಿತೆಂದು ಇಂಗ್ಲಿಷರು 1779ರ ಮಾರ್ಚಿನಲ್ಲಿ ಅದನ್ನು ಹಿಡಿದರು. ಹೈದರ್ ಕೆರಳಿ 1780ರಲ್ಲಿ ಕರ್ನಾಟಕ ಬಯಲಿಗೆ ಇಳಿದ. ಅತ್ತ ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಒಂದು ಯುದ್ಧನೌಕೆಗೆ ‘ಹೈದರಾಲಿ’ ಎಂದು ಹೆಸರಿಟ್ಟರು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ತಲುಪಿದೊಡನೆ ಫ್ರೆಂಚರು ಇಲ್ಲಿ ಕೈಬಿಟ್ಟರು; ಟಿಪ್ಪು ಒಂಟಿಯಾಗಿ ಮಂಗಳೂರು ಕೋಟೆಯ ಮುತ್ತಿಗೆ ಮುಂದುವರಿಸಿ 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಮಾಡಿಕೊಂಡ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ ಗವರ್ನರ್ ಜನರಲ್ ಆಗಿ ಬಂದು 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಸಿದ. ಅಲ್ಲಿ ಒಂದು ಜನತೆಗೆ ಬಿಡುಗಡೆ ಕೊಡಬೇಕಾಗಿ ಬಂದ ಸಾಮ್ರಾಜ್ಯ ಇಲ್ಲಿ ತನ್ನ ನಷ್ಟ ತುಂಬಿಕೊಂಡಿತೆನ್ನಬಹುದು.

ಘೋಷಣೆಯ ‘ಎಲ್ಲ ಮನುಷ್ಯರೂ’ ಎಂಬ ಮಾತಿನ ಗತಿ ಏನಾಯಿತು? ಅದನ್ನು ಬರೆದ ಜೆಫರ್‌ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯ. ಗುಲಾಮರ ವ್ಯಾಪಾರಕ್ಕಾಗಿ ದೊರೆಯನ್ನು ದೂಷಿಸಿ ಕರಡಿನಲ್ಲಿ ಅವನು ಬರೆದಿದ್ದ ಭಾಗವನ್ನು ಕಾಂಗ್ರೆಸ್ ಸಭೆ ಹೊಡೆದುಹಾಕಿತು. 1787ರ ಸಂವಿಧಾನದಲ್ಲಿ ‘ಗುಲಾಮ’ ಎಂಬ ಶಬ್ದವಿಲ್ಲ. ಆದರೆ ಪ್ರತಿನಿಧಿಗಳ ಸಂಖ್ಯೆ ನಿಗದಿಗೆ ಐವರು ಗುಲಾಮರನ್ನು ಮೂವರೆಂದು ಎಣಿಸುವ ಲೆಕ್ಕವಿದೆ. 1790ರ ಜನಗಣತಿಯಂತೆ 39 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಅವರ ಬಿಡುಗಡೆಗೆ ಮತ್ತೊಂದು ಘೋರ ಯುದ್ಧ ನಡೆದು 1865 ಬರಬೇಕಾಯಿತು.

ಫ್ರಾನ್ಸಿನ ರೊಟ್ಟಿ ಮತ್ತು ಕಾಗದ

ಅಮೇರಿಕಾಕ್ಕೆ ನೆರವಾಗಲು ಫ್ರಾನ್ಸು ನೂರು ಕೋಟಿ ಲಿವ್ರ್‌ಗಳಿಗೂ ಹೆಚ್ಚು ಖರ್ಚು ಮಾಡಿತು, ಅದೂ ಬಹುಪಾಲು ಸಾಲ ಎತ್ತಿ. 1788ರ ಹೊತ್ತಿಗೆ ಬೊಕ್ಕಸದ ಆದಾಯದ ಸುಮಾರು ಅರ್ಧ ಸಾಲದ ಲೆಕ್ಕಕ್ಕೇ ಹೋಗುತ್ತಿತ್ತು. ಕೊಡಬಲ್ಲ ಶ್ರೀಮಂತರಿಗೂ ಮಠಾಧಿಪತಿಗಳಿಗೂ ತೆರಿಗೆಯ ವಿನಾಯಿತಿ. ಕೊಡಲಾರದ ರೈತನಿಗೆ ಭೂಕಂದಾಯ, ಇಗರ್ಜಿಯ ದಶಾಂಶ, ಒಡೆಯನ ಗೇಣಿ, ಮೇಲಿಂದ ಉಪ್ಪಿನ ಕರ. ಗೇಣಿಯ ಅಕ್ಕಿ ಅಳೆದುಕೊಟ್ಟ ಕಾಲವನ್ನು ಕಂಡ, ಕೇಳಿದ ನಮ್ಮ ಹಿರಿಯರಿಗೆ ಆ ರೈತನ ಅವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1788ರ ಜುಲೈ 13ರಂದು ಬಿದ್ದ ಆಲಿಕಲ್ಲಿನ ಮಳೆ ಇದ್ದ ಬೆಳೆಯನ್ನೂ ನೆಲಕ್ಕೆ ಹಾಕಿತು. ಮರುವರ್ಷ ಪ್ಯಾರಿಸಿನ ಕೂಲಿಕಾರನ ದಿನಗೂಲಿಯ ಬಹುಪಾಲು ರೊಟ್ಟಿಗೇ ಸಂದುಹೋಗುತ್ತಿತ್ತು.

ಗತ್ಯಂತರವಿಲ್ಲದೆ ದೊರೆ 16ನೆಯ ಲೂಯಿ 1614ರ ತರುವಾಯ ಒಮ್ಮೆಯೂ ಕೂಡದಿದ್ದ ಮೂರು ವರ್ಗಗಳ ಮಹಾಸಭೆಯನ್ನು 1789ರ ಮೇ 5ರಂದು ಕರೆದ. ಮೂರನೆಯ ವರ್ಗದ ಪ್ರತಿನಿಧಿಗಳು ಜೂನ್ 17ರಂದು ತಾವೇ ರಾಷ್ಟ್ರೀಯ ಸಭೆ ಎಂದು ಸಾರಿದರು. ಜುಲೈ 14ರಂದು ಬಾಸ್ಟೀಲ್ ಬಿತ್ತು. ಒಳಗಿದ್ದ ಕೈದಿಗಳು ಬರೇ ಏಳು ಮಂದಿ. ಜನ ಹುಡುಕಿ ಹೋದದ್ದು ಕೈದಿಗಳನ್ನಲ್ಲ, ಮದ್ದಿನ ಪುಡಿಯನ್ನು. ಆಗಸ್ಟ್ 4ರ ರಾತ್ರಿ ಊಳಿಗಮಾನ್ಯ ಪದ್ಧತಿ ರದ್ದಾಯಿತು. ಆಗಸ್ಟ್ 26ರಂದು ಮಾನವ ಹಾಗೂ ನಾಗರಿಕ ಹಕ್ಕುಗಳ ಘೋಷಣೆ ಅಂಗೀಕಾರವಾಯಿತು.

ಆದರೆ ಬಾಗಿಲು ಮುಚ್ಚುವ ಕೆಲಸವೂ ಅಂದೇ ಶುರುವಾಯಿತು. ಆಗಸ್ಟ್ 4ರಂದು ರದ್ದಾದ ಹಕ್ಕುಗಳಲ್ಲಿ ಹೆಚ್ಚಿನವಕ್ಕೆ ರೈತ ಪರಿಹಾರ ಕೊಟ್ಟು ಬಿಡಿಸಿಕೊಳ್ಳಬೇಕೆಂದು ಷರತ್ತು ಬಂತು. ರೈತರು ಕೊಡಲೊಪ್ಪದೆ ವರ್ಷಗಟ್ಟಲೆ ಹಟ ಹಿಡಿದ ಮೇಲೆ, 1793ರ ಜುಲೈ 17ರಂದು, ಅದು ಪರಿಹಾರವಿಲ್ಲದೆ ಪೂರ್ತಿ ತೊಲಗಿತು. ಮತದಾನದ ಹಕ್ಕಿಗೆ ಮೂರು ದಿನದ ಕೂಲಿಯಷ್ಟಾದರೂ ತೆರಿಗೆ ಕಟ್ಟುವ ಗಂಡಸಾಗಿರಬೇಕು ಎಂದು ನಿಯಮ ಮಾಡಿ, ಉಳಿದವರನ್ನು ‘ನಿಷ್ಕ್ರಿಯ ನಾಗರಿಕರು’ ಎಂದು ಕರೆದರು. ಅಕ್ಟೋಬರ್ 5ರಂದು ಮಳೆಯಲ್ಲಿ ವರ್ಸೇಲ್ಸಿಗೆ ನಡೆದುಹೋಗಿ ದೊರೆಯನ್ನೇ ಪ್ಯಾರಿಸಿಗೆ ಕರೆತಂದ ಹೆಂಗಸರು ಸಕ್ರಿಯ ನಾಗರಿಕರಲ್ಲವಂತೆ! ಒಲಾಂಪ್ ದ ಗೂಜ್ ಎಂಬಾಕೆ 1791ರಲ್ಲಿ ಅದೇ ಘೋಷಣೆಯ ಮಾದರಿಯಲ್ಲಿ ಸ್ತ್ರೀಯರ ಹಕ್ಕುಗಳ ಘೋಷಣೆ ಬರೆದಳು. 1793ರ ನವೆಂಬರಿನಲ್ಲಿ, ರಾಜಕೀಯ ಬರಹಗಳ ಆರೋಪದ ಮೇಲೆ, ಅವಳ ತಲೆ ಗಿಲೊಟಿನ್‌ಗೆ ಹೋಯಿತು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ.

ಮುಂದಿನ ಕತೆ ಪ್ರಸಿದ್ಧ. 1792ರಲ್ಲಿ ಗಣರಾಜ್ಯ, 1793ರ ಜನವರಿಯಲ್ಲಿ ದೊರೆಯ ಶಿರಚ್ಛೇದ, ಹೊರಗೆ ಯುರೋಪಿನ ದೊರೆಗಳೊಡನೆ ಯುದ್ಧ, ಒಳಗೆ ಭಯದ ಆಳ್ವಿಕೆ, 1794ರ ಜುಲೈಯಲ್ಲಿ ರೋಬೆಸ್ಪಿಯರನ ಪತನ, 1799ರಲ್ಲಿ ನೆಪೋಲಿಯನ್. ಇದನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ಏಕೆಂದರೆ ಆ ಘೋಷಣೆಯ ನಿಜವಾದ ಪರೀಕ್ಷೆ ಪ್ಯಾರಿಸಿನಲ್ಲಿ ನಡೆಯಲಿಲ್ಲ. ಅದು ನಡೆದದ್ದು ಸಮುದ್ರದಾಚೆ, ಸಕ್ಕರೆಯ ತೋಟಗಳಲ್ಲಿ.

ಪಾಠದಲ್ಲಿ ಮೂಲೆಗೆ ಬಿದ್ದ ಕ್ರಾಂತಿ

ಕೆರಿಬಿಯನ್ ಸಮುದ್ರದ ಒಂದು ದ್ವೀಪದ ಪಶ್ಚಿಮ ಭಾಗ ಫ್ರೆಂಚರ ವಸಾಹತಾಗಿತ್ತು. ಸ್ಯಾಂ ದೊಮಿಂಗ್ ಎಂದು ಅದರ ಹೆಸರು, ಇಂದಿನ ಹೈಟಿ. ಯುರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಐದರಲ್ಲಿ ಸುಮಾರು ಎರಡು ಪಾಲು, ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕೂ ಹೆಚ್ಚು ಬರುತ್ತಿದ್ದದ್ದು ಅಲ್ಲಿಂದ. 1789ರಲ್ಲಿ ಅಲ್ಲಿ ಬಿಳಿಯರು ಸುಮಾರು 30 ಸಾವಿರ, ಸ್ವತಂತ್ರರಾದ ಕರಿಯರೂ ಮಿಶ್ರ ಸಂತಾನದವರೂ ಹೆಚ್ಚುಕಡಿಮೆ ಅಷ್ಟೇ, ಗುಲಾಮರು ಮಾತ್ರ 5 ಲಕ್ಷದ ಹತ್ತಿರ. ಕಬ್ಬಿನ ಗದ್ದೆಯಲ್ಲೂ ಕುದಿಯುವ ಕೊಪ್ಪರಿಗೆಗಳ ಮುಂದೆಯೂ ಅವರು ಸಾಯುತ್ತಿದ್ದ ವೇಗ ಎಷ್ಟಿತ್ತೆಂದರೆ, 1780ರ ದಶಕದ ಕೊನೆಗೆ ವರ್ಷಕ್ಕೆ ಮೂವತ್ತು ಸಾವಿರದಷ್ಟು ಹೊಸಬರನ್ನು ಆಫ್ರಿಕಾದಿಂದ ತಂದು ತುಂಬುತ್ತಿದ್ದರು.

ಹಕ್ಕುಗಳ ಘೋಷಣೆಯ ಸುದ್ದಿ ಅಲ್ಲಿಗೆ ತಲುಪಿದಾಗ ಒಬ್ಬೊಬ್ಬರು ಒಂದೊಂದು ರೀತಿ ಓದಿದರು. ಬಿಳಿಯ ತೋಟದ ಧಣಿಗಳಿಗೆ ಅದು ಪ್ಯಾರಿಸಿನ ಅಧಿಕಾರಿಗಳಿಂದ ಬಿಡುಗಡೆ. ಸ್ವತಂತ್ರ ಮಿಶ್ರವರ್ಣದವರಿಗೆ ಅದು ಬಿಳಿಯರೊಡನೆ ಸಮಾನತೆ. ಆ ಹಕ್ಕು ಕೇಳಿ ದಂಗೆಯೆದ್ದ ವಿನ್ಸೆಂಟ್ ಓಜೆಯನ್ನು 1791ರ ಫೆಬ್ರವರಿಯಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಈ ಇಬ್ಬರ ಲೆಕ್ಕದಲ್ಲೂ ಗುಲಾಮರು ಸೇರಿರಲಿಲ್ಲ. ಅವರು ತಾವೇ ಸೇರಿಕೊಂಡರು. 1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ತೋಟಗಳು ಹೊತ್ತಿ ಉರಿದವು.

ಇಲ್ಲಿಂದ ಮುಂದೆ ಘಟನೆಗಳ ಓಟವನ್ನು ಗಮನಿಸಬೇಕು. ಇಂಗ್ಲೆಂಡೂ ಸ್ಪೇನೂ ಆ ವಸಾಹತಿನ ಮೇಲೆ ಕಣ್ಣುಹಾಕಿದವು. ದ್ವೀಪವನ್ನು ಉಳಿಸಿಕೊಳ್ಳಬೇಕಾದರೆ ಬಂಡೆದ್ದ ಗುಲಾಮರ ನೆರವು ಬೇಕೆಂದು ಅರಿತ ಫ್ರೆಂಚ್ ಕಮಿಷನರ್ ಸೊಂತೊನಾಕ್ಸ್ 1793ರ ಆಗಸ್ಟ್ 29ರಂದು ಉತ್ತರ ಪ್ರಾಂತದ ಗುಲಾಮರು ಸ್ವತಂತ್ರರೆಂದು ಸಾರಿದ. 1794ರ ಫೆಬ್ರವರಿ 4ರಂದು ಪ್ಯಾರಿಸಿನ ಸಭೆ ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿಯನ್ನು ರದ್ದು ಮಾಡಿತು. ಆ ದಿನ ಸಭೆಯಲ್ಲಿ ಸ್ಯಾಂ ದೊಮಿಂಗಿನಿಂದ ಬಂದ ಕರಿಯ ಪ್ರತಿನಿಧಿ, ಹಿಂದೆ ತಾನೇ ಗುಲಾಮನಾಗಿದ್ದ ಬೆಲ್ಲಿ ಕುಳಿತಿದ್ದ. 1789ರ ಘೋಷಣೆಯಿಂದ ಈ ದಿನದವರೆಗೆ ನಾಲ್ಕೂವರೆ ವರ್ಷ. ನಡುವೆ ಆ ದಂಗೆ ಆಗದಿದ್ದರೆ ಇನ್ನೆಷ್ಟು ವರ್ಷವೋ ಬಲ್ಲವರಾರು?

ಟೂಸಾಂ ಲೂವೆರ್ತ್ಯೂರ್ ಎಂಬ ಮಾಜಿ ಗುಲಾಮ ಸೇನಾನಿಯಾಗಿ ಇಂಗ್ಲಿಷರನ್ನು ಹೊರದೂಡಿ 1801ರಲ್ಲಿ ಸಂವಿಧಾನ ರಚಿಸಿದ. ನೆಪೋಲಿಯನ್ ಅದನ್ನು ಸಹಿಸಲಿಲ್ಲ. 1802ರಲ್ಲಿ ತನ್ನ ಭಾವ ಲಕ್ಲೇರನ ನೇತೃತ್ವದಲ್ಲಿ ದೊಡ್ಡ ಸೈನ್ಯ ಕಳುಹಿಸಿದ. ಉಳಿದ ಕೆಲವು ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮುಂದುವರಿಸುವ ಕಾನೂನನ್ನೂ ಅದೇ ವರ್ಷ ಹೊರಡಿಸಿದ. ಮಾತುಕತೆಗೆಂದು ಕರೆದು ಟೂಸಾಂನನ್ನು ಸೆರೆಹಿಡಿದರು. ಫ್ರಾನ್ಸಿನ ಚಳಿಯ ಬೆಟ್ಟದ ಕೋಟೆಯೊಂದರಲ್ಲಿ 1803ರ ಏಪ್ರಿಲ್ 7ರಂದು ಅವನು ಸತ್ತ. ಆದರೆ ಒಮ್ಮೆ ಕೈಗೆ ಬಂದ ಸ್ವಾತಂತ್ರ್ಯವನ್ನು ಜನ ಬಿಡಲಿಲ್ಲ. ಹಳದಿ ಜ್ವರವೂ ಕರಿಯರ ಪಡೆಗಳೂ ಕೂಡಿ ಆ ಸೈನ್ಯವನ್ನು ನುಂಗಿದವು. ಲಕ್ಲೇರ್ ತಾನೂ ಜ್ವರಕ್ಕೆ ಬಲಿಯಾದ. 1803ರ ನವೆಂಬರ್ 18ರಂದು ವರ್ತಿಯೇರಿನಲ್ಲಿ ಕೊನೆಯ ಕಾಳಗ. 1804ರ ಜನವರಿ 1ರಂದು ದೆಸಲೀನ್ ಹೈಟಿಯ ಸ್ವಾತಂತ್ರ್ಯ ಸಾರಿದ. ಆ ವರ್ಷ ಅವನ ಆಜ್ಞೆಯಂತೆ ಉಳಿದ ಫ್ರೆಂಚರ ಕಗ್ಗೊಲೆ ನಡೆಯಿತೆಂಬುದನ್ನೂ ಮುಚ್ಚಿಡುವುದು ಸರಿಯಲ್ಲ. ರಕ್ತದ ಲೆಕ್ಕವನ್ನು ಎರಡೂ ಕಡೆ ಬರೆಯಬೇಕು.

ಈ ಧೈರ್ಯಕ್ಕೆ ಹೈಟಿ ತೆತ್ತ ಬೆಲೆಯನ್ನು ನಾವು ಪ್ರತಿಯೊಂದು ತರಗತಿಯಲ್ಲೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ‘ಎಲ್ಲ ಮನುಷ್ಯರೂ ಸಮಾನರು’ ಎಂದು ಸಾರಿದ ಅಮೇರಿಕಾ 1862ರವರೆಗೆ ಹೈಟಿಯನ್ನು ರಾಷ್ಟ್ರವೆಂದು ಒಪ್ಪಲಿಲ್ಲ. ಫ್ರಾನ್ಸಿನ ದೊರೆ 10ನೆಯ ಶಾರ್ಲ್ 1825ರಲ್ಲಿ ಯುದ್ಧನೌಕೆಗಳನ್ನು ಕಳುಹಿಸಿ, 15 ಕೋಟಿ ಫ್ರಾಂಕ್ ಕೊಟ್ಟರೆ ಸ್ವಾತಂತ್ರ್ಯವನ್ನು ಮಾನ್ಯ ಮಾಡುವೆನೆಂದ. ತೋಟದ ಧಣಿಗಳಿಗಾದ ನಷ್ಟದ ಪರಿಹಾರವಂತೆ! ಆ ನಷ್ಟದಲ್ಲಿ ಗುಲಾಮರ ಬೆಲೆಯೂ ಸೇರಿತ್ತು. ಎಂದರೆ ಬಿಡುಗಡೆಯಾದವರು ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕಾಯಿತು. ಮೊದಲ ಕಂತಿಗೇ ಹಣ ಸಾಲದೆ ಪ್ಯಾರಿಸಿನ ಬ್ಯಾಂಕುಗಳಿಂದಲೇ ಸಾಲ ತೆಗೆದರು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಇದರಿಂದ ಹುಟ್ಟಿದ ಸಾಲಗಳ ಸರಪಳಿ ಕಳಚಿದ್ದು 1947ರಲ್ಲಿ. ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷರು ಈ ವಿಷಯದ ಅಧ್ಯಯನಕ್ಕೆ ಎರಡೂ ದೇಶಗಳ ಚರಿತ್ರಕಾರರ ಆಯೋಗವೊಂದನ್ನು ಪ್ರಕಟಿಸಿದರು. ಸಾಲದಿಂದ ಆರಂಭವಾದ ಕ್ರಾಂತಿಗಳ ಸರಣಿಯಲ್ಲಿ ಎಲ್ಲರಿಗಿಂತ ಬಡವರ ಕ್ರಾಂತಿಯನ್ನು ಸಾಲದಿಂದಲೇ ಕುತ್ತಿಗೆ ಹಿಚುಕಿದ್ದು ಹೀಗೆ.

ಸ್ಪೇನಿನ ಅಮೇರಿಕಾ

ಹೈಟಿಯ ಬೆಂಕಿಯ ಕಿಡಿ ದಕ್ಷಿಣಕ್ಕೂ ಹಾರಿತು. 1808ರಲ್ಲಿ ನೆಪೋಲಿಯನ್ ಸ್ಪೇನಿನ ದೊರೆಯನ್ನು ಸೆರೆಗೆ ಹಾಕಿದಾಗ, ದೊರೆಯಿಲ್ಲದ ವಸಾಹತುಗಳಲ್ಲಿ ಆಳುವ ಹಕ್ಕು ಯಾರದೆಂಬ ಪ್ರಶ್ನೆ ಎದ್ದಿತು. 1810ರಲ್ಲಿ ಮೆಕ್ಸಿಕೋದಲ್ಲಿ ಪಾದ್ರಿ ಹಿದಾಲ್ಗೊ ದಂಗೆಯೆದ್ದ. ಸೋತು ದೇಶಭ್ರಷ್ಟನಾದ ಬೊಲಿವಾರನಿಗೆ ಹೈಟಿಯ ಅಧ್ಯಕ್ಷ ಪೆತಿಯೋಂ 1816ರಲ್ಲಿ ಹಡಗು, ಬಂದೂಕು, ಮದ್ದು ಎಲ್ಲವನ್ನೂ ಕೊಟ್ಟ. ಕೇಳಿದ್ದು ಒಂದೇ: ನೀನು ಬಿಡಿಸುವ ನಾಡಿನಲ್ಲಿ ಗುಲಾಮರನ್ನು ಬಿಡುಗಡೆ ಮಾಡು. 1824ರ ಡಿಸೆಂಬರಿನಲ್ಲಿ ಅಯಕೂಚೊ ಯುದ್ಧದೊಂದಿಗೆ ದಕ್ಷಿಣ ಅಮೇರಿಕಾದಲ್ಲಿ ಸ್ಪೇನಿನ ಬಲ ಮುರಿಯಿತು. 1826ರಲ್ಲಿ ಬೊಲಿವಾರ್ ಹೊಸ ರಾಷ್ಟ್ರಗಳ ಸಭೆಯನ್ನು ಪನಾಮಾದಲ್ಲಿ ಕೂಡಿಸಿದಾಗ ಹೈಟಿಗೆ ಮಾತ್ರ ಕರೆಯೋಲೆ ಹೋಗಲಿಲ್ಲ. ಉಪಕಾರ ಪಡೆದವರೂ ಬಾಗಿಲು ಮುಚ್ಚುತ್ತಾರೆ.

ಹಕ್ಕು ಯಾವ ಭಾಷೆಯಲ್ಲಿ?

ಇನ್ನು ನಮ್ಮ ಓದುಗರಿಗೆ ಹೆಚ್ಚು ಹತ್ತಿರದ ವಿಚಾರ. ಈ ಕ್ರಾಂತಿಗಳು ಯಾವ ಭಾಷೆಯಲ್ಲಿ ಮಾತನಾಡಿದವು?

ಕ್ರಾಂತಿಯ ಮೊದಲ ದಿನಗಳಲ್ಲಿ ಫ್ರಾನ್ಸಿನ ಸಭೆ ಉದಾರವಾಗಿತ್ತು. 1790ರ ಜನವರಿಯಲ್ಲಿ ತನ್ನ ಶಾಸನಗಳನ್ನು ಪ್ರಾಂತಗಳ ಭಾಷೆಗಳಿಗೆ ಭಾಷಾಂತರಿಸಬೇಕೆಂದು ಅದು ತೀರ್ಮಾನಿಸಿತು. ಆದರೆ ಯುದ್ಧ ಬಂದು ಸಂಶಯ ಬೆಳೆದಂತೆ ಧೋರಣೆ ತಿರುಗಿತು. 1794ರ ಜನವರಿಯಲ್ಲಿ ಬರೇರ್ ಎಂಬ ಮುಖಂಡ ಸಭೆಯಲ್ಲಿ ಎದ್ದು, ಬ್ರೆಟನ್, ಬಾಸ್ಕ್, ಜರ್ಮನ್, ಇಟಾಲಿಯನ್ ಮಾತನಾಡುವವರ ಭಾಷೆಗಳೇ ಮೂಢನಂಬಿಕೆಗೂ ರಾಜದ್ರೋಹಕ್ಕೂ ಆಶ್ರಯವೆಂಬಂತೆ ಮಾತನಾಡಿದ. ಅದೇ ವರ್ಷದ ಜೂನಿನಲ್ಲಿ ಅಬ್ಬೆ ಗ್ರೆಗ್ವಾರ್ ತನ್ನ ವರದಿ ಮಂಡಿಸಿದ. ದೇಶದಲ್ಲಿ ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚ್ ಭಾಷೆಯೇ ಬಾರದು, ಅದನ್ನು ಶುದ್ಧವಾಗಿ ಆಡುವವರು 30 ಲಕ್ಷ ದಾಟುವುದಿಲ್ಲ ಎಂದು ಲೆಕ್ಕ ಕೊಟ್ಟು, ಪ್ರಾಂತಭಾಷೆಗಳನ್ನು ನಿರ್ಮೂಲ ಮಾಡಬೇಕೆಂದ. ಈ ಗ್ರೆಗ್ವಾರ್ ಕ್ಷುದ್ರ ಮನುಷ್ಯನಲ್ಲ. ಕರಿಯರ ಬಿಡುಗಡೆಗಾಗಿ, ಯೆಹೂದ್ಯರ ಸಮಾನತೆಗಾಗಿ ದುಡಿದ ದೊಡ್ಡ ಮನುಷ್ಯ. ಬಣ್ಣದ ಅನ್ಯಾಯವನ್ನು ಕಂಡ ಕಣ್ಣಿಗೆ ಭಾಷೆಯ ಅನ್ಯಾಯ ಕಾಣಲಿಲ್ಲ. ಜುಲೈಯಲ್ಲಿ ಬಂದ ಕಾನೂನಿನಂತೆ ಸರಕಾರಿ ದಸ್ತಾವೇಜುಗಳೆಲ್ಲ ಫ್ರೆಂಚಿನಲ್ಲೇ ಇರತಕ್ಕದ್ದು, ತಪ್ಪಿದ ನೌಕರನಿಗೆ ಆರು ತಿಂಗಳ ಸಜೆ. ರೋಬೆಸ್ಪಿಯರನ ಪತನದ ಬಳಿಕ ಆ ಕಾನೂನು ತಡೆಹಿಡಿಯಲ್ಪಟ್ಟರೂ ಅದರ ಹಿಂದಿನ ಮನೋಧರ್ಮ ಹೋಗಲಿಲ್ಲ. ಮುಂದಿನ ಶತಮಾನದಲ್ಲಿ ಶಾಲೆಯಲ್ಲಿ ಬ್ರೆಟನ್ ಮಾತನಾಡಿದ ಹುಡುಗನ ಕೊರಳಿಗೆ ಮರದ ತುಂಡೋ ಹಳೆಯ ಪಾದರಕ್ಷೆಯೋ ಕಟ್ಟಿ ನಾಚಿಕೆಪಡಿಸುವ ಪದ್ಧತಿ ನಡೆದುಬಂತು. ಆ ಭಾಷೆಗಳಿಗೆ ಶಾಲೆಯಲ್ಲಿ ಕಾನೂನಿನ ಒಂದಿಷ್ಟು ಜಾಗ ದೊರೆತದ್ದು 1951ರಲ್ಲಿ.

ಪೆರುವಿನಲ್ಲಿ ತೆರಿಗೆಯ ಭಾರಕ್ಕೂ ಗಣಿಗಳ ಬಿಟ್ಟಿ ದುಡಿಮೆಗೂ ರೋಸಿ 1780ರಲ್ಲಿ ಎರಡನೆಯ ತುಪಾಕ್ ಅಮಾರು ದಂಗೆಯೆದ್ದ. ಮರುವರ್ಷ ಕುಸ್ಕೋ ನಗರದಲ್ಲಿ ಅವನನ್ನು ಕ್ರೂರವಾಗಿ ಕೊಂದರು. ಅಷ್ಟಕ್ಕೆ ತೃಪ್ತಿಯಾಗದೆ, ಅವನ ಜನರ ಉಡುಪನ್ನೂ ನಾಟಕಗಳನ್ನೂ ನಿಷೇಧಿಸಿ, ಕ್ವೆಚುವಾ ಭಾಷೆಯನ್ನು ಬಿಟ್ಟು ಸ್ಪ್ಯಾನಿಷ್ ಕಲಿಯಬೇಕೆಂದು ಆಜ್ಞೆ ಹೊರಡಿಸಿದರು. ಅಧಿಕಾರಕ್ಕೆ ದಂಗೆಕೋರನ ಬಂದೂಕಿಗಿಂತ ಅವನ ಭಾಷೆಯ ಭಯ ಹೆಚ್ಚೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅತ್ತ 1816ರಲ್ಲಿ ತುಕುಮಾನ್ ಎಂಬಲ್ಲಿ ಸೇರಿದ ಸಭೆ, ಇಂದಿನ ಅರ್ಜೆಂಟೀನಾದ ಸ್ವಾತಂತ್ರ್ಯ ಘೋಷಣೆಯನ್ನು ಸ್ಪ್ಯಾನಿಷಿನ ಜೊತೆಗೆ ಕ್ವೆಚುವಾ, ಐಮಾರಾ ಭಾಷೆಗಳಲ್ಲೂ ಅಚ್ಚು ಹಾಕಿಸಿತು. ಮನಸ್ಸಿದ್ದರೆ ದಾರಿಯಿತ್ತು. ಕ್ವೆಚುವಾ ಪೆರುವಿನ ಅಧಿಕೃತ ಭಾಷೆಯಾದದ್ದು ಮಾತ್ರ 1975ರಲ್ಲಿ.

ಹೈಟಿಯಲ್ಲೂ ಇದೇ ಕತೆ. 1793ರ ಬಿಡುಗಡೆಯ ಸಾರೋಲೆ ಜನರ ಮಾತಾದ ಕ್ರೆಯೋಲಿನಲ್ಲೂ ಹೊರಟಿತ್ತು. ಬಂದೂಕು ಹಿಡಿದ ಜನರಿಗೆ ಅರ್ಥವಾಗಬೇಕಿತ್ತಲ್ಲ! ಸ್ವಾತಂತ್ರ್ಯ ಬಂದ ಮೇಲೆ ಕಚೇರಿ, ಶಾಲೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಕುಳಿತುಕೊಂಡಿತು. ಕ್ರೆಯೋಲಿಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1987ರ ಸಂವಿಧಾನದಲ್ಲಿ, ಸ್ವಾತಂತ್ರ್ಯ ಬಂದು 183 ವರ್ಷಗಳ ಮೇಲೆ.

ನಮ್ಮ ಪಾಲಿನ ಪಾಠ

ನಮ್ಮ ಸಂವಿಧಾನದ ಪೀಠಿಕೆಯಲ್ಲೂ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮಾತುಗಳಿವೆ. ಅವನ್ನು ತಾನು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಡಾ. ಅಂಬೇಡ್ಕರರು 1954ರ ಬಾನುಲಿ ಭಾಷಣದಲ್ಲಿ ಹೇಳಿದ್ದರು. ಮೂಲ ಯಾವುದೇ ಇರಲಿ, ನಮ್ಮ ಸಂವಿಧಾನ ಒಂದು ವಿಷಯದಲ್ಲಿ ಬರೇರನ ದಾರಿ ಹಿಡಿಯಲಿಲ್ಲವೆಂಬುದು ನಮ್ಮ ಭಾಗ್ಯ. 29ನೆಯ ವಿಧಿ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 1956ರಲ್ಲಿ ಯಾವ ಏಳನೆಯ ತಿದ್ದುಪಡಿ ರಾಜ್ಯಗಳ ಪುನರ್ವಿಂಗಡಣೆಗೆ ಸಂವಿಧಾನವನ್ನು ಹೊಂದಿಸಿತೋ, ಅದೇ ತಿದ್ದುಪಡಿ 350-ಎ ವಿಧಿಯನ್ನೂ ತಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳಿತು.

‘ಪ್ರಯತ್ನಿಸಬೇಕು’ ಎಂಬ ಆ ಮಾತನ್ನು ನಾವು ಕಣ್ಣಿಟ್ಟು ಓದಬೇಕು. ಪ್ರಯತ್ನ ಸಾಕಷ್ಟಾಯಿತೇ ಎಂದು ಕೇಳುವವರು ಇಲ್ಲದಿದ್ದರೆ ಯಾವ ಸರಕಾರದ ಪ್ರಯತ್ನವೂ ಕಡತ ದಾಟುವುದಿಲ್ಲ. ಕನ್ನಡ ಬಲ್ಲ ಅಧ್ಯಾಪಕರ ನೇಮಕವಾಗಲಿ, ಪಠ್ಯಪುಸ್ತಕ ಸಕಾಲಕ್ಕೆ ಬರುವುದಾಗಲಿ, ಕಚೇರಿಯ ಅರ್ಜಿ ನಮೂನೆ ಕನ್ನಡದಲ್ಲಿ ಸಿಗುವುದಾಗಲಿ, ಕೇಳಿದರೆ ಮಾತ್ರ ನಡೆಯುವ ಕೆಲಸ. ಕೇಳಬೇಕಾದರೆ ಏನು ಬರೆದಿದೆಯೆಂದು ಮೊದಲು ತಿಳಿದಿರಬೇಕು. ಸ್ಯಾಂ ದೊಮಿಂಗಿನ ಅಕ್ಷರ ಬಾರದ ಜನ ಸಮುದ್ರದಾಚೆಯ ಒಂದು ಘೋಷಣೆಯನ್ನು ತಮ್ಮದಾಗಿಸಿಕೊಂಡರು. ಅಕ್ಷರ ಬಲ್ಲ ನಮ್ಮ ಮನೆಗಳಲ್ಲಿ ಸಂವಿಧಾನದ ಈ ವಿಧಿಗಳನ್ನು ಓದಿದವರೆಷ್ಟು ಮಂದಿ? ಅವರಂತೆ ಬೆಂಕಿ ಹಿಡಿಯಬೇಕಾದ ಪ್ರಮೇಯ ನಮಗಿಲ್ಲ. ನಮ್ಮ ಕೈಯಲ್ಲಿ ಅರ್ಜಿಯಿದೆ, ಮತವಿದೆ, ನ್ಯಾಯಾಲಯವಿದೆ. ನೆರೆಮನೆಯ ಮಲಯಾಳಿ ಬಂಧುಗಳೊಡನೆ ವೈರವೂ ಬೇಕಿಲ್ಲ. ಅವರ ಭಾಷೆಯನ್ನು ಕಲಿಯುವುದರಿಂದ ನಮಗೆ ನಷ್ಟವಿಲ್ಲ. ನಮ್ಮದನ್ನು ಬಿಡುವುದರಿಂದ ಉಂಟು.

ಕೊನೆಯದಾಗಿ ಕಹಿಯಾದರೂ ಹೇಳಲೇಬೇಕಾದ ಒಂದು ಮಾತು. ಒಳಗೆ ಬಂದವರು ಬಾಗಿಲು ಮುಚ್ಚುತ್ತಾರೆಂಬುದು ಈ ಐವತ್ತು ವರ್ಷಗಳ ಚರಿತ್ರೆಯ ಪಾಠವಾದರೆ, ಅದು ನಮಗೂ ಅನ್ವಯಿಸುತ್ತದೆ. ‘ಕನ್ನಡಿಗರೆಲ್ಲರೂ’ ಎಂದು ನಾವು ಮನವಿ ಬರೆಯುವಾಗ ಆ ಎಲ್ಲರಲ್ಲಿ ಯಾರಿದ್ದಾರೆ? ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡಿ ನಮ್ಮ ಶಾಲೆಗೆ ಬರುವ ಮಕ್ಕಳ ಮಾತನ್ನು ನಾವು ನಕ್ಕು ತಿದ್ದುತ್ತೇವೆಯೋ, ಗೌರವಿಸುತ್ತೇವೆಯೋ? ಕೊರಗರ ಮಗು ನಮ್ಮ ತರಗತಿಯ ಯಾವ ಬೆಂಚಿನಲ್ಲಿ ಕುಳಿತಿದೆ, ಹತ್ತನೆಯ ತರಗತಿಯವರೆಗೆ ಉಳಿಯುತ್ತದೆಯೇ? ಬಹುಸಂಖ್ಯಾತರ ಮುಂದೆ ನಾವಿಡುವ ಪ್ರಶ್ನೆಯನ್ನೇ ಈ ಮಕ್ಕಳು ನಮ್ಮ ಮುಂದಿಟ್ಟರೆ ಉತ್ತರ ಸಿದ್ಧವಿರಬೇಕು.

ಬಾಸ್ಟೀಲಿನ ತಾರೀಕನ್ನು ಬಾಯಿಪಾಠ ಮಾಡಿಸುವುದು ಸುಲಭ. 1791ರ ಆಗಸ್ಟ್ 22ರ ರಾತ್ರಿಯನ್ನೂ, 1825ರ ಆ 15 ಕೋಟಿ ಫ್ರಾಂಕುಗಳನ್ನೂ ಅದರ ಪಕ್ಕದಲ್ಲೇ ಕರಿಹಲಗೆಯ ಮೇಲೆ ಬರೆಯಬೇಕು. ಹೆತ್ತವರೂ ಮನೆಯಲ್ಲಿ ಮಕ್ಕಳೊಡನೆ ಈ ಪಾಠವನ್ನು ಒಮ್ಮೆ ಓದಲಿ, ಜೊತೆಗೆ 350-ಎ ವಿಧಿಯ ಆ ನಾಲ್ಕು ಸಾಲುಗಳನ್ನೂ. ಮುಂದಿನ ಜೂನಿನಲ್ಲಿ ಯಾವ ಶಾಲೆಗೆ ಯಾವ ಮಾಧ್ಯಮಕ್ಕೆ ಮಗುವನ್ನು ಸೇರಿಸಬೇಕೆಂದು ತೀರ್ಮಾನಿಸುವ ಮುಂಚೆ ಇಷ್ಟಾದರೂ ಆಗಬೇಕೆಂದು ನಾವು ಬಯಸುತ್ತೇವೆ.